ಸಕ್ಕರೆ ಕಾಯಿಲೆಯ ಮಾತ್ರೆಗಳು: ಯಾವುದು ಯಾರಿಗೆ?

ಟೈಪ್ 2 ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಇಂದಿಗೂ ಗಟ್ಟಿ ಆಯ್ಕೆ. ಹೊಟ್ಟೆ ಕೆಟ್ಟಿತೆಂದು ಇದನ್ನು ಬಿಡುವವರಿದ್ದಾರೆ. ಎಷ್ಟೋ ಸಲ ತಪ್ಪು ಮಾತ್ರೆಯದಲ್ಲ, ಅವಸರದ್ದು. 500 ಮಿ.ಗ್ರಾಂ.ನಿಂದ ಶುರುಮಾಡಿ, ಊಟದ ಜೊತೆಗೇ ನುಂಗಿ, ವೈದ್ಯರು ಹೇಳಿದಂತೆ ವಾರಕ್ಕೊಮ್ಮೆ ಡೋಸ್ ಏರಿಸಿದರೆ ಭೇದಿ, ವಾಕರಿಕೆ ತಗ್ಗುತ್ತವೆ. ಆಗಲೂ ಒಗ್ಗದಿದ್ದರೆ ನಿಧಾನವಾಗಿ ಕರಗುವ ಎಕ್ಸ್‌ಆರ್ ಕೇಳಿ, ಅದನ್ನು ಪುಡಿಮಾಡಬಾರದು. ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಎಂಬ ಅಳತೆ) 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಸಲ್ಲದು. ಇದನ್ನು ವರ್ಷಗಟ್ಟಲೆ ತಗೊಂಡರೆ ವಿಟಮಿನ್ ಬಿ12 ಕಡಿಮೆಯಾಗಬಹುದು, ಪರೀಕ್ಷೆ ಮಾಡಿಸಬೇಕು. ಪಾದ ಜೋಮು ಹಿಡಿದರೆ ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟಬೇಡಿ, ಬಿ12 ಕೊರತೆಯೂ ಇರಬಹುದು.

ಗ್ಲಿಮೆಪಿರೈಡ್ ಅಗ್ಗ, ಬೇಗ ಕೆಲಸ ಮಾಡುತ್ತದೆ. ಆದರೆ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ತೀರಾ ಇಳಿದು ಕೈನಡುಕ, ಬೆವರು, ತಲೆಸುತ್ತು. ಒಂಟಿಯಾಗಿರುವ ವಯಸ್ಸಾದವರಿಗೆ ಇದು ನಮ್ಮ ಮೊದಲ ಆಯ್ಕೆಯಲ್ಲ. ಸಿಟಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್ ಸೌಮ್ಯ, ತೂಕ ಏರಿಸುವುದಿಲ್ಲ. ಸಕ್ಕರೆ ಇಳಿಸುವುದೂ ಅಷ್ಟಕ್ಕಷ್ಟೇ.

ಹೃದಯ ವೈಫಲ್ಯ, ಕಿಡ್ನಿ ತೊಂದರೆ ಇದ್ದವರಿಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನಿಜಕ್ಕೂ ವರ. ಸಕ್ಕರೆ ಮೂತ್ರದಲ್ಲಿ ಹೋಗುವುದರಿಂದ ಜನನಾಂಗದಲ್ಲಿ ಫಂಗಸ್ ಸೋಂಕು, ತುರಿಕೆ ಬರಬಹುದು. ವಾಂತಿಯಾಗಿ ಊಟ ಸೇರದ ದಿನ ಇವನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲೂ ನಿಲ್ಲಿಸಬೇಕು. ಇಲ್ಲದಿದ್ದರೆ ಗ್ಲೂಕೋಮೀಟರ್ 200ರ ಒಳಗೆ ತೋರಿಸುತ್ತಿದ್ದರೂ ಕೀಟೋಆಸಿಡೋಸಿಸ್ (ಕೀಟೋನ್ ಹೆಚ್ಚಿ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಆಗಬಹುದು.