ಮೊದಲು ಸಕ್ಕರೆ ಕಡಿಮೆ ಮಾಡೋದಾ, ಕೊಬ್ಬಾ?

ಎರಡರಲ್ಲಿ ಮೊದಲು ಯಾವುದಕ್ಕೆ ಕೈ ಹಾಕಲಿ ಅಂತ ಕೇಳಿದ್ದೀರಿ. ಅದು ನಿಮ್ಮ ರಕ್ತಪರೀಕ್ಷೆಯ ವರದಿ ಏನು ಹೇಳುತ್ತದೆ ಅನ್ನೋದರ ಮೇಲೆ ನಿಂತಿದೆ.

ಕ್ಯಾಲೊರಿ ಲೆಕ್ಕದಲ್ಲಿ ಕೊಬ್ಬೇ ಭಾರ. ಒಂದು ಗ್ರಾಂ ಕೊಬ್ಬಿಗೆ 9, ಸಕ್ಕರೆಗೆ 4. ಆದರೆ ಕುಡಿಯುವ ಸಕ್ಕರೆ ಮೋಸಗಾರ. 330 ಮಿಲಿ ಕೋಲಾದಲ್ಲಿ ಸುಮಾರು 35 ಗ್ರಾಂ, ಅಂದರೆ ಎಂಟೊಂಬತ್ತು ಟೀ ಚಮಚ! ಅಷ್ಟು ಕುಡಿದರೂ ಹೊಟ್ಟೆ ತುಂಬಿದ ಹಾಗೆ ಅನಿಸೋದಿಲ್ಲ, ಅಲ್ವಾ?

ಹೃದಯದ ವಿಷಯದಲ್ಲಿ ಕೊಬ್ಬನ್ನೆಲ್ಲ ಒಂದೇ ತಕ್ಕಡಿಗೆ ಹಾಕಬಾರದು. ಬೆಣ್ಣೆಯಲ್ಲಿರುವಂಥ ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಅನ್ನೋ 'ಕೆಟ್ಟ' ಕೊಲೆಸ್ಟ್ರಾಲನ್ನು ಏರಿಸುತ್ತದೆ. ಅದರ ಬದಲು ಸೂರ್ಯಕಾಂತಿ ಎಣ್ಣೆ, ಬಾದಾಮಿ, ಮೀನು ಬಂದರೆ ಇಳಿಯುತ್ತದೆ. ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಸಕ್ಕರೆ ಜಾಸ್ತಿಯಾದರೆ ಏರೋದು ಮುಖ್ಯವಾಗಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು. ಸಕ್ಕರೆಯಲ್ಲಿರುವ ಫ್ರಕ್ಟೋಸ್ ಅನ್ನೋ ಅಂಶ ಮಿತಿ ಮೀರಿದರೆ ಲಿವರ್ ಅದನ್ನು ಕೊಬ್ಬಾಗಿ ಬದಲಿಸುತ್ತದೆ. ಹಲ್ಲು ಹುಳುಕಿನ ಅಪವಾದ ಪೂರ್ತಿ ಸಕ್ಕರೆಗೇ.

ಎಲ್‌ಡಿಎಲ್ ಜಾಸ್ತಿ ಇದ್ದರೆ ಸ್ಯಾಚುರೇಟೆಡ್ ಕೊಬ್ಬಿನಿಂದ ಶುರು ಮಾಡಿ. ಟ್ರೈಗ್ಲಿಸರೈಡ್ ಏರಿದ್ದರೆ, ಇಲ್ಲವೇ ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳೋದು) ಇದ್ದರೆ ಸಿಹಿ ಪಾನೀಯದಿಂದ. 'ಲೋ ಫ್ಯಾಟ್' ಅಂತ ಬರೆದಿದ್ದನ್ನು ಸುಮ್ನೆ ನಂಬಬೇಡಿ, ಡಬ್ಬಿಯ ಹಿಂಬದಿ ಓದಿ. ಎಷ್ಟೋ ಸಲ ಕೊಬ್ಬು ತೆಗೆದ ಜಾಗಕ್ಕೆ ಸಕ್ಕರೆ ಸುರಿದಿರುತ್ತಾರೆ.