ಸಾಬಿ ಸ್ಯಾಂಡ್‌ನ ಖಾಸಗಿ ಸಫಾರಿ: ಕೋಣೆಯ ಫೋಟೊ ನೋಡಿ ಬುಕ್ ಮಾಡಬೇಡಿ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮದ ಅಂಚಿಗೆ ಅಂಟಿಕೊಂಡಿರುವ ಸಾಬಿ ಸ್ಯಾಂಡ್ ಸುಮಾರು 65,000 ಹೆಕ್ಟೇರಿನ ಖಾಸಗಿ ಅಭಯಾರಣ್ಯ. ಚಿರತೆಯನ್ನು ಹತ್ತಿರದಿಂದ, ಹಗಲು ಬೆಳಕಲ್ಲಿ, ಕಣ್ತುಂಬ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಇಲ್ಲಿನ ಲಾಡ್ಜ್‌ಗಳೆಲ್ಲ ಒಂದೇ ಅಲ್ಲ, ದುಬಾರಿ ಎಂದ ಮಾತ್ರಕ್ಕೆ ಒಳ್ಳೆಯದೂ ಅಲ್ಲ. ಹೆಚ್ಚಿನವರು ಈಜುಕೊಳ, ದೊಡ್ಡ ಹಾಸಿಗೆ, ಗಾಜಿನ ಗೋಡೆಯ ಬಚ್ಚಲುಮನೆ ನೋಡಿ ಹಣ ಕಟ್ಟಿಬಿಡುತ್ತಾರೆ. ದಿನಕ್ಕೆ ಆರೇಳು ಗಂಟೆ ಕೂರುವುದು ಮಾತ್ರ ತೆರೆದ ಜೀಪಿನಲ್ಲಿ. ಆ ಜೀಪಿಗೆ ಎಷ್ಟು ನೆಲದ ಮೇಲೆ ಓಡಾಡುವ ಹಕ್ಕಿದೆ, ಅದರಲ್ಲಿ ಎಷ್ಟು ಜನ ಕೂರುತ್ತಾರೆ, ಬಾನೆಟ್ ಮೇಲಿನ ಸೀಟಿನಲ್ಲಿ ಟ್ರ್ಯಾಕರ್, ಅಂದರೆ ಹೆಜ್ಜೆಗುರುತು ಓದಿ ಪ್ರಾಣಿ ಹುಡುಕುವವನು, ಇರುತ್ತಾನೋ ಇಲ್ಲವೋ. ಈ ಮೂರನ್ನು ಕೇಳಿ ತಿಳಿದುಕೊಂಡವರ ಸಫಾರಿ ಕೆಡುವುದು ಅಪರೂಪ.

ಕ್ರೂಗರ್‌ಗೂ ಸಾಬಿ ಸ್ಯಾಂಡ್‌ಗೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ತೆಗೆದರು. ಹಾಗಾಗಿ ಪ್ರಾಣಿಗಳು ಎರಡೂ ಕಡೆ ಓಡಾಡುತ್ತವೆ, ನಿಯಮಗಳು ಮಾತ್ರ ಬೇರೆ ಬೇರೆ. ಕ್ರೂಗರ್‌ನಲ್ಲಿ ನಿಮ್ಮದೇ ಕಾರಿನಲ್ಲಿ ಹೋಗಬಹುದು, ಖರ್ಚು ತುಂಬ ಕಡಿಮೆ. ಆದರೆ ರಸ್ತೆ ಬಿಟ್ಟು ಇಳಿಯುವಂತಿಲ್ಲ, ಗೇಟು ಮುಚ್ಚುವ ಹೊತ್ತಿಗೆ ಕ್ಯಾಂಪಿನೊಳಗಿರಬೇಕು. ಚಿರತೆ ರಸ್ತೆ ದಾಟಿ ಮೂವತ್ತು ಮೀಟರ್ ಒಳಗೆ ಪೊದೆ ಸೇರಿತೆಂದರೆ ಅಲ್ಲಿಗೆ ಮುಗಿಯಿತು. ಸಾಬಿ ಸ್ಯಾಂಡ್‌ನಲ್ಲಿ ಜೀಪು ಅದರ ಹಿಂದೆಯೇ ಪೊದೆಯೊಳಗೆ ಇಳಿಯುತ್ತದೆ, ಕತ್ತಲಾದ ಮೇಲೂ ಸ್ಪಾಟ್‌ಲೈಟ್ ಹಿಡಿದು ಸುತ್ತುತ್ತದೆ. ಇದಕ್ಕೂ ಮಿತಿ ಇದೆ. ಮಳೆಗೆ ನೆಲ ನೆನೆದಾಗ, ಉಪ್ಪಿನಂಶದ ಸೂಕ್ಷ್ಮ ನೆಲ ಇರುವ ಕಡೆ ಗೈಡ್ ರಸ್ತೆ ಬಿಟ್ಟು ಇಳಿಸುವುದಿಲ್ಲ. ಇಳಿಸು ಎಂದು ಒತ್ತಾಯಿಸಬೇಡಿ, ಚಕ್ರದ ಗುರುತು ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸ್ಪಾಟ್‌ಲೈಟನ್ನು ಇಂಪಾಲಾ ಎಂಬ ಜಿಂಕೆಯಂಥ ಪ್ರಾಣಿಗಳ ಕಣ್ಣಿಗೆ ಬಿಡದಿರುವುದೂ ಒಳ್ಳೆಯ ಗೈಡಿನ ಲಕ್ಷಣ. ಬೆಳಕಿಗೆ ಕಣ್ಣು ಕತ್ತಲಿಟ್ಟ ಇಂಪಾಲಾ ಕೆಲ ಹೊತ್ತು ಕುರುಡಾಗಿರುತ್ತದೆ, ಅಷ್ಟರಲ್ಲಿ ಬೇಟೆಗಾರ ಪ್ರಾಣಿಗೆ ಸುಲಭದ ತುತ್ತಾಗುತ್ತದೆ.

ಈಗ ನೆಲದ ವಿಷಯ. ಸಾಬಿ ಸ್ಯಾಂಡ್ ಒಬ್ಬರ ಸ್ವತ್ತಲ್ಲ, ಹಲವು ಭೂಮಾಲೀಕರು ಸೇರಿ ಮಾಡಿಕೊಂಡ ಕಾಡು. ಒಳಗೆ ಬೇಲಿ ಕಾಣದಿದ್ದರೂ ಪ್ರತಿ ಲಾಡ್ಜಿನ ಜೀಪು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಗೆರೆ ಇದೆ. ನೀವು ನೋಡುತ್ತಿರುವ ಚಿರತೆ ಆ ಗೆರೆ ದಾಟಿತೆಂದರೆ ಜೀಪು ನಿಲ್ಲುತ್ತದೆ. ಆದ್ದರಿಂದ ಬುಕ್ ಮಾಡುವ ಮೊದಲು 'ನಿಮ್ಮ ಜೀಪು ಎಷ್ಟು ಹೆಕ್ಟೇರಿನಲ್ಲಿ ಓಡಾಡುತ್ತದೆ, ಅದರಲ್ಲಿ ನದಿದಂಡೆ ಸೇರಿದೆಯೇ, ಅದೇ ನೆಲವನ್ನು ಇನ್ನೂ ಎಷ್ಟು ಲಾಡ್ಜ್‌ಗಳು ಬಳಸುತ್ತವೆ' ಎಂದು ಇಮೇಲ್‌ನಲ್ಲೇ ಕೇಳಿ. ನೇರ ಉತ್ತರ ಬಾರದಿದ್ದರೆ ಅದೇ ಉತ್ತರ. ಮಾಲಾಮಾಲಾ ಎಂಬ ಲಾಡ್ಜಿನಂಥ ಕಡೆ 13,000 ಹೆಕ್ಟೇರಿಗೂ ಹೆಚ್ಚು ನೆಲ, ನಡುವೆ ಸ್ಯಾಂಡ್ ನದಿ. ಈ ಭೂಮಿಯನ್ನು 2013ರಲ್ಲಿ ಸರ್ಕಾರ ಕೊಂಡು, ಹಿಂದೆ ಅಲ್ಲಿಂದ ಒಕ್ಕಲೆಬ್ಬಿಸಲ್ಪಟ್ಟಿದ್ದ ಸ್ಥಳೀಯ ಸಮುದಾಯಕ್ಕೆ ಮರಳಿಸಿತು. ಕಟ್ಟುವ ಹಣ ಯಾರಿಗೆ ಹೋಗುತ್ತದೆ ಎಂದು ಯೋಚಿಸುವವರಿಗೆ ಇದು ಗೊತ್ತಿರಬೇಕಾದ ಸಂಗತಿ. ಉತ್ತರ ಭಾಗದಲ್ಲಿ ಸಣ್ಣ ಲಾಡ್ಜ್‌ಗಳು ಹೆಚ್ಚು, ದರವೂ ಕಡಿಮೆ, ನೆಲವನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಅಲ್ಲಿ ಪ್ರಾಣಿ ಕಾಣುವುದಕ್ಕೆ ಕೊರತೆಯಿಲ್ಲ, ಆದರೆ ಸರದಿ ಇರುತ್ತದೆ. ಒಂದು ಪ್ರಾಣಿಯ ಬಳಿ ಸಾಮಾನ್ಯವಾಗಿ ಎರಡೋ ಮೂರೋ ಜೀಪಿಗೆ ಮಾತ್ರ ಅವಕಾಶ, ಉಳಿದವು ದೂರದಲ್ಲಿ ಕಾಯಬೇಕು. ಸರದಿ ಬಂದಾಗ ಕೆಲವೊಮ್ಮೆ ಕಾಲು ಗಂಟೆ ಸಿಕ್ಕರೆ ಹೆಚ್ಚು. ಕಡಿಮೆ ಖರ್ಚಿನಲ್ಲಿ ಚಿರತೆ ಕಂಡರೆ ಸಾಕು ಎನ್ನುವವರಿಗೆ ಇದು ಒಪ್ಪುವ ವ್ಯವಹಾರವೇ. ಕ್ಯಾಮೆರಾ ಹಿಡಿದು ಒಂದೇ ಮರದ ಕೆಳಗೆ ಎರಡು ಗಂಟೆ ಕೂರಬೇಕೆನ್ನುವವರಿಗೆ ಅಲ್ಲ.

ಜೀಪು ಲ್ಯಾಂಡ್ ರೋವರ್ ಅಥವಾ ಲ್ಯಾಂಡ್ ಕ್ರೂಸರ್. ಹಿಂದೆ ಮೆಟ್ಟಿಲಿನಂತೆ ಏರುವ ಮೂರು ಸಾಲು. ಸಾಲಿಗೆ ಇಬ್ಬರಂತೆ ಆರು ಜನ ಕೂರಿಸುವ ಲಾಡ್ಜ್‌ಗಳಿವೆ, ಮೂವರಂತೆ ಒಂಬತ್ತು ಜನ ತುಂಬುವವೂ ಇವೆ. ನಡುವೆ ಸಿಕ್ಕಿಕೊಂಡವರಿಗೆ ಎರಡೂ ಬದಿಯಲ್ಲಿ ಯಾರದ್ದಾದರೂ ತಲೆ, ಮೊಣಕೈ, ಲೆನ್ಸ್ ಅಡ್ಡ ಬರುತ್ತದೆ. ದರ ಹೋಲಿಸುವಾಗ ಈ ಲೆಕ್ಕವನ್ನು ಸೇರಿಸಲೇಬೇಕು. ಕೊನೆಯ ಸಾಲು ಎತ್ತರದಲ್ಲಿದೆ, ನೋಟ ಚೆನ್ನ, ಆದರೆ ಕುಲುಕಾಟ ವಿಪರೀತ. ಬೆನ್ನುನೋವಿರುವವರು ಮೊದಲ ಸಾಲನ್ನೇ ಕೇಳಿ ಪಡೆಯಬೇಕು. ಚಿರತೆ ಹತ್ತು ಹದಿನೈದು ಮೀಟರ್ ಅಂತರದಲ್ಲೇ ಸಿಗುವುದರಿಂದ ಭಾರೀ ಲೆನ್ಸ್ ಬೇಕಿಲ್ಲ. 100–400 ಮಿ.ಮೀ. ಜೂಮ್ ಲೆನ್ಸ್ ಒಂದಿದ್ದರೆ ಹಕ್ಕಿಗೂ ಆಗುತ್ತದೆ, ಪ್ರಾಣಿಗೂ ಆಗುತ್ತದೆ. ಧೂಳಿನಲ್ಲಿ ಲೆನ್ಸ್ ಬದಲಿಸಹೋಗಿ ಸೆನ್ಸರ್ ಹಾಳು ಮಾಡಿಕೊಳ್ಳುವುದು ಇಲ್ಲಿ ತೀರ ಸಾಮಾನ್ಯ. ಪ್ರಾಣಿಯ ಹತ್ತಿರ ಎದ್ದು ನಿಲ್ಲಲೇಬಾರದು. ಪ್ರಾಣಿಗಳು ಜೀಪನ್ನೂ ಅದರೊಳಗಿರುವವರನ್ನೂ ಸೇರಿಸಿ ಒಂದೇ ಆಕಾರವಾಗಿ ಕಂಡು ಸುಮ್ಮನಿರುತ್ತವೆ. ಆ ಆಕಾರದಿಂದ ಮನುಷ್ಯನೊಬ್ಬ ಎದ್ದು ಬೇರೆಯಾದ ಕ್ಷಣ ಅವುಗಳ ವರ್ತನೆ ಬದಲಾಗುತ್ತದೆ.

ಟ್ರ್ಯಾಕರ್ ಕೂರುವುದು ಬಾನೆಟ್ಟಿನ ಎಡತುದಿಗೆ ಬಿಗಿದ ಪುಟ್ಟ ಸೀಟಿನಲ್ಲಿ, ಕಾಲು ಗಾಳಿಯಲ್ಲಿ. ಖರ್ಚು ಉಳಿಸಲು ಕೆಲವು ಲಾಡ್ಜ್‌ಗಳು ಟ್ರ್ಯಾಕರ್ ಇಲ್ಲದೆ ಗೈಡ್ ಒಬ್ಬನನ್ನೇ ಕಳಿಸುತ್ತವೆ, ಅದನ್ನು ಒಪ್ಪಬೇಡಿ. ಟ್ರ್ಯಾಕರ್‌ನ ಕೆಲಸ ನೋಡಿದರೆ ಕಾರಣ ತಿಳಿಯುತ್ತದೆ. ಬೆಳಗಿನ ಮರಳುದಾರಿಯಲ್ಲಿ ಅವನ ಕೈ ಮೇಲೇಳುತ್ತದೆ, ಜೀಪು ನಿಲ್ಲುತ್ತದೆ. ನಾಲ್ಕು ಬೆರಳು, ಉಗುರಿನ ಗುರುತಿಲ್ಲ, ಅಂಗಾಲಿನ ಹಿಂಬದಿಯಲ್ಲಿ ಮೂರು ಉಬ್ಬು: ಬೆಕ್ಕಿನ ಜಾತಿ. ಕತ್ತೆಕಿರುಬವಾಗಿದ್ದರೆ ಉಗುರು ಊರಿರುತ್ತಿತ್ತು. ಸಿಂಹಕ್ಕೆ ಇದು ಚಿಕ್ಕದು, ಹಾಗಾದರೆ ಚಿರತೆ. ಗುರುತಿನ ಮೇಲೆ ಹುಳು ಹರಿದ ಗೆರೆ, ಹಕ್ಕಿಯ ಕಾಲು ಬಿದ್ದಿದ್ದರೆ ರಾತ್ರಿಯದು. ಅಂಚು ಚೂಪಾಗಿದ್ದು ಕೆಳಗಿನ ಒದ್ದೆ ಮರಳು ಮೇಲೆದ್ದಿದ್ದರೆ ಈಗಷ್ಟೇ ಹೋಗಿದೆ. ಪಕ್ಕದಲ್ಲೇ ಏನನ್ನೋ ಎಳೆದೊಯ್ದ ಉದ್ದನೆಯ ಗೀರು ಇದ್ದರೆ ಬೇಟೆ ಸಿಕ್ಕಿದೆ, ಮುಂದೆ ಯಾವುದೋ ಮರೂಲಾ ಮರದ ಕವಲಿನಲ್ಲಿ ಇಂಪಾಲಾ ನೇತಾಡುತ್ತಿರಬಹುದು. ಅಷ್ಟರಲ್ಲಿ ಗೈಡ್ ಎಂಜಿನ್ ಆರಿಸುತ್ತಾನೆ, ಇಂಪಾಲಾಗಳ ಸೀನಿನಂಥ ಕೂಗು, ಮಂಗಗಳ ಎಚ್ಚರಿಕೆಯ ದನಿ ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಲು. ಒಬ್ಬನೇ ಮನುಷ್ಯ ಸ್ಟಿಯರಿಂಗ್ ಹಿಡಿದು, ರೇಡಿಯೋ ಕೇಳುತ್ತ, ಪ್ರವಾಸಿಗರ ಪ್ರಶ್ನೆಗೆ ಉತ್ತರಿಸುತ್ತ ಇಷ್ಟನ್ನೂ ಮಾಡಲಾರ. ಟ್ರ್ಯಾಕರ್ ಇಲ್ಲದ ಜೀಪು ಕೊನೆಗೆ ರೇಡಿಯೋದಲ್ಲಿ ಬೇರೆಯವರು ಹೇಳಿದ ಕಡೆಗೆ ಓಡುವುದಷ್ಟೇ ಆಗುತ್ತದೆ. ಆ ರೇಡಿಯೋದಲ್ಲಿ ಪ್ರಾಣಿಗಳ ಹೆಸರು ಹೆಚ್ಚಾಗಿ ಸ್ಥಳೀಯರ ಶಾಂಗಾನ್ ಭಾಷೆಯಲ್ಲಿ ಬರುತ್ತದೆ. 'ಇಂಗ್ವೆ' ಎಂದು ಕಿವಿಗೆ ಬಿದ್ದರೆ ಚಿರತೆ.

ಎಷ್ಟು ರಾತ್ರಿ? ಮೂರಕ್ಕಿಂತ ಕಡಿಮೆ ಬೇಡ, ಅದೂ ಒಂದೇ ಲಾಡ್ಜಿನಲ್ಲಿ. ಒಂದು ರಾತ್ರಿಗೆ ಸಂಜೆ ಒಂದು, ಬೆಳಗ್ಗೆ ಒಂದು ಸುತ್ತು, ಸುಮಾರು ಮೂರೂವರೆ ಗಂಟೆಯದು. ಎರಡು ರಾತ್ರಿಗೆ ನಾಲ್ಕು ಸುತ್ತು, ಒಂದು ಮಳೆಗೆ ಹೋದರೆ ಉಳಿಯುವುದು ಮೂರು. ಸಂಜೆಯ ಸುತ್ತು ನಾಲ್ಕು ಗಂಟೆಯ ಆಸುಪಾಸಿನಲ್ಲಿ ಹೊರಡುತ್ತದೆ, ಹಾಗಾಗಿ ಎರಡೂವರೆಯೊಳಗೆ ಲಾಡ್ಜ್ ಮುಟ್ಟಬೇಕು. ಮಧ್ಯಾಹ್ನ ಜೋಹಾನ್ಸ್‌ಬರ್ಗ್‌ಗೆ ಇಳಿದು ಅದೇ ದಿನ ತಲುಪುತ್ತೇವೆ ಎಂದುಕೊಂಡವರು ಮೊದಲ ಸುತ್ತನ್ನು ಕಳೆದುಕೊಳ್ಳುತ್ತಾರೆ, ಆದರೆ ಆ ರಾತ್ರಿಯ ಪೂರ್ತಿ ದರ ತೆರುತ್ತಾರೆ. ಹಿಂದಿನ ರಾತ್ರಿ ಜೋಹಾನ್ಸ್‌ಬರ್ಗ್‌ನಲ್ಲೇ ಉಳಿದು ಬೆಳಗಿನ ವಿಮಾನದಲ್ಲಿ ಕ್ರೂಗರ್‌ನೊಳಗಿನ ಸ್ಕುಕುಜಾ ವಿಮಾನ ನಿಲ್ದಾಣಕ್ಕೆ ಹೋಗುವುದು ಸರಿಯಾದ ದಾರಿ. ಸಣ್ಣ ಚಾರ್ಟರ್ ವಿಮಾನವಾದರೆ ಗಟ್ಟಿ ಸೂಟ್‌ಕೇಸ್ ಸಾಮಾನಿನ ಗೂಡಿಗೆ ಹಿಡಿಸುವುದಿಲ್ಲ, ಮೆತ್ತನೆಯ ಬ್ಯಾಗು ಬೇಕು, ತೂಕ ಬಹುತೇಕ 20 ಕಿಲೋ ಮಿತಿ. ಕಾರಿನಲ್ಲಾದರೆ ಐದಾರು ಗಂಟೆಯ ದಾರಿ. ಹೇಜಿವ್ಯೂ ಪಟ್ಟಣ ದಾಟಿದ ಮೇಲೆ ದನಕರು, ಗುಂಡಿಗಳು ಎದುರಾಗುತ್ತವೆ, ಕತ್ತಲಲ್ಲಿ ಓಡಿಸಬಾರದು. ಅಭಯಾರಣ್ಯಕ್ಕೆ ಶಾಸ್, ನ್ಯೂಯಿಂಗ್‌ಟನ್, ಗೌರಿ ಎಂಬ ಬೇರೆ ಬೇರೆ ಗೇಟುಗಳಿವೆ. ಫೋನಿನ ಮ್ಯಾಪ್ ತಪ್ಪು ಗೇಟಿಗೆ ಕರೆದೊಯ್ದರೆ ಸುತ್ತಿ ಬರಲು ಬಹಳ ಹೊತ್ತು ಹಿಡಿಯುತ್ತದೆ. ಲಾಡ್ಜ್ ಕಳಿಸುವ ದಾರಿಯ ವಿವರವನ್ನೇ ಮುದ್ರಿಸಿಕೊಂಡು ಹೋಗಿ.

ಪ್ರಾಣಿ ನೋಡುವುದಕ್ಕೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಮಳೆಯಿಲ್ಲ, ಹುಲ್ಲು ತಗ್ಗಿರುತ್ತದೆ, ನೀರಿದ್ದಲ್ಲಿಗೆ ಪ್ರಾಣಿಗಳು ಬರುತ್ತವೆ. ಆದರೆ ಜೂನ್, ಜುಲೈನ ಬೆಳಗಿನ ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೆರೆದ ಜೀಪಿನ ಗಾಳಿಗೆ ಬೆರಳು ಮರಗಟ್ಟುತ್ತದೆ. ಕಂಬಳಿ, ಬಿಸಿನೀರಿನ ಚೀಲ ಕೊಡುತ್ತಾರೆ, ಟೋಪಿ ಮತ್ತು ಕೈಗವಸು ನೀವೇ ತರಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ಕಾಡು ಹಸಿರಾಗಿ ಇಂಪಾಲಾ ಮರಿಗಳು ಹುಟ್ಟುತ್ತವೆ, ವಲಸೆ ಹಕ್ಕಿಗಳು ತುಂಬಿರುತ್ತವೆ, ಸೆಕೆಯೂ ಮಲೇರಿಯಾ ಅಪಾಯವೂ ಹೆಚ್ಚು. ಮಲೇರಿಯಾ ಮಾತ್ರೆಯ ವಿಷಯ ವೈದ್ಯರನ್ನು ಕೇಳಿ, ಊರಿಗೆ ಮರಳಿದ ಮೇಲೂ ಕೋರ್ಸ್ ಮುಗಿಸಿ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಮತ್ತೆ ಏಳು ದಿನ, ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ. ಕೀನ್ಯಾದಂಥ ಹಳದಿ ಜ್ವರದ ದೇಶ ಸುತ್ತಿ ಬರುವವರಿಗೆ ಲಸಿಕೆಯ ಪ್ರಮಾಣಪತ್ರ ಕಡ್ಡಾಯ, ಅದು ಹಾಕಿಸಿಕೊಂಡ ಹತ್ತು ದಿನದ ನಂತರವೇ ಚಾಲ್ತಿಗೆ ಬರುತ್ತದೆ.

ದರವನ್ನು ಒಬ್ಬರಿಗೆ ಒಂದು ರಾತ್ರಿಗೆ ಎಂದು ದಕ್ಷಿಣ ಆಫ್ರಿಕಾದ ಹಣವಾದ ರ‍್ಯಾಂಡ್‌ನಲ್ಲಿ ಹೇಳುತ್ತಾರೆ. ಊಟ, ತಿಂಡಿ, ಎರಡು ಸುತ್ತು ಅದರಲ್ಲಿ ಸೇರಿರುತ್ತದೆ. ಗೇಟಿನ ಶುಲ್ಕ, ಸಂರಕ್ಷಣಾ ಶುಲ್ಕ, ಟಿಪ್ಸ್ ಬಹುತೇಕ ಸೇರಿರುವುದಿಲ್ಲ. ಶೇ 15ರ ವ್ಯಾಟ್ ಸೇರಿದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ಒಬ್ಬರೇ ಹೋದರೆ ಹೆಚ್ಚುವರಿ ಹಣವೂ ಇರುತ್ತದೆ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಅನೇಕ ಕಡೆ ಜೀಪಿಗೆ ಹತ್ತಿಸುವುದಿಲ್ಲ, ಅದನ್ನು ಅಲ್ಲಿಗೆ ಹೋಗಿ ತಿಳಿಯುವಂತಾಗಬಾರದು. ಹಲವು ಕ್ಯಾಂಪಿಗೆ ಬೇಲಿಯಿಲ್ಲ, ಕತ್ತಲಾದ ಮೇಲೆ ಊಟಕ್ಕೆ ಹೋಗಲೂ ಕಾವಲುಗಾರನ ಜೊತೆಯೇ ಹೋಗಬೇಕು.

ಘೇಂಡಾಮೃಗದ ಕೊಂಬು ಕತ್ತರಿಸಿರುವುದನ್ನು ಕಂಡು ನಿರಾಶರಾಗುವವರಿದ್ದಾರೆ. ಕಳ್ಳಬೇಟೆಯಿಂದ ಉಳಿಸಲು ಅರಿವಳಿಕೆ ಕೊಟ್ಟು ಮಾಡುವ ಕೆಲಸ ಅದು. ಉಗುರಿನಂತೆಯೇ ಕೆರಾಟಿನ್‌ನಿಂದಾದ ಕೊಂಬು ಮತ್ತೆ ಬೆಳೆಯುತ್ತದೆ, ಮತ್ತೆ ಕತ್ತರಿಸುತ್ತಾರೆ. ಅದರ ಫೋಟೊ ಹಾಕುವಾಗ ಜಾಗದ ಹೆಸರು, ದಿನಾಂಕ ಹಾಕಬೇಡಿ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಗುರುತನ್ನು ಗೇಟಿನೊಳಗೆ ಹೋಗುವ ಮೊದಲೇ ಆಫ್ ಮಾಡಿಡಿ.