ಸುರುಳಿ ಸುತ್ತುವ ಸೋಲಾರ್ ಹಾಳೆ: ಆರು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಫೋನ್ ಚಾರ್ಜ್ ಮಾಡಲಿಕ್ಕೆ ಅಂತ ಇದನ್ನು ತಗೋಬೇಡಿ. ನಾನು ಹಾಗೇ ತಗೊಂಡೆ. 5,200 ರೂಪಾಯಿ. ಮನೆಯಲ್ಲಿ ಆ ಮಾತು ಈಗಲೂ ಆಗಾಗ ಬರುತ್ತದೆ.

ಇದು ಆರ್ಗ್ಯಾನಿಕ್ ಸೋಲಾರ್ ಸೆಲ್. ಆರ್ಗ್ಯಾನಿಕ್ ಅಂದ ತಕ್ಷಣ ರಾಗಿ, ಬೆಲ್ಲ ಅಂದುಕೊಳ್ಳಬೇಡಿ, ಇಲ್ಲಿ ಇಂಗಾಲದ ರಸಾಯನ ಅಂತಷ್ಟೇ ಅರ್ಥ. ಸಿಲಿಕಾನ್ ಇಲ್ಲ, ಗಾಜಿಲ್ಲ. ತೆಳು ಪ್ಲಾಸ್ಟಿಕ್ ಮೇಲೆ ಪಾಲಿಮರನ್ನು (ಇದೂ ಪ್ಲಾಸ್ಟಿಕ್ ಜಾತಿಯದ್ದೇ, ಉದ್ದ ಸರಪಳಿಯಂಥ ಅಣುಗಳು) ಶಾಯಿಯ ಹಾಗೆ ಮುದ್ರಿಸಿದ್ದಾರೆ. ಒಂದಡಿ ಉದ್ದ, ಅಂಗೈಗಿಂತ ಸ್ವಲ್ಪ ಅಗಲ, ಬಣ್ಣ ನೇರಳೆಹಣ್ಣು ತಿಂದ ನಾಲಿಗೆಯದ್ದು. ಕಿಟಕಿಗೆ ಹಿಡಿದರೆ ಆಚೆಯ ತೆಂಗಿನಮರ ಮಸುಕಾಗಿ ಕಾಣುತ್ತದೆ. ಸುತ್ತಿ ಜೇಬಿಗೆ ಹಾಕಿಕೊಳ್ಳಬಹುದು, ತೂಕವೇ ಗೊತ್ತಾಗುವುದಿಲ್ಲ.

ಹಾಳೆಯ ಉದ್ದಕ್ಕೂ 16 ಪಟ್ಟಿಗಳಿವೆ. ಒಂದೊಂದೂ ಒಂದೊಂದು ಸೆಲ್, ಒಂದೊಂದರದ್ದು ಅರ್ಧ ವೋಲ್ಟ್‌ನಷ್ಟು, ಎಲ್ಲ ಸಾಲಾಗಿ ಜೋಡಿಸಿದ್ದು. ಇದರ ಅರ್ಥ ಏನು ಅಂತ ತಾರಸಿಯಲ್ಲಿ ಗೊತ್ತಾಯಿತು. ಮಟಮಟ ಮಧ್ಯಾಹ್ನ ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತಿದ್ದೆ, ಕರೆಂಟ್ ಇದ್ದಕ್ಕಿದ್ದಂತೆ ಕುಸಿಯಿತು. ನೋಡಿದರೆ ಬಟ್ಟೆ ಒಣಹಾಕುವ ಹಗ್ಗದ ನೆರಳು ಒಂದೇ ಪಟ್ಟಿಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಸಾಲಿನಲ್ಲಿ ಒಂದು ಸೆಲ್ ಸೊರಗಿದರೆ ಎಲ್ಲದರ ಕರೆಂಟೂ ಅಷ್ಟಕ್ಕೇ ಇಳಿಯುತ್ತದೆ. ಹಾಳೆಯನ್ನು ತಿರುಗಿಸಿ ಅದೇ ನೆರಳು ಎಲ್ಲ ಪಟ್ಟಿಗಳಿಗೂ ಅಡ್ಡ ಬೀಳುವ ಹಾಗೆ ಮಾಡಿದೆ, ಕರೆಂಟ್ ಹೆಚ್ಚುಕಮ್ಮಿ ಮೊದಲಿನಷ್ಟೇ ಬಂತು! ಈ ಒಂದು ವಿಷಯ ಜೊತೆಗೆ ಬಂದ ಚೀಟಿಯಲ್ಲಿ ಬರೆದಿದ್ದರೆ ನನ್ನ ಒಂದು ಭಾನುವಾರ ಉಳಿಯುತ್ತಿತ್ತು.

ಒಳ್ಳೆ ಬಿಸಿಲಲ್ಲೂ ಸಿಕ್ಕಿದ್ದು ಸುಮಾರು 0.9 ವ್ಯಾಟ್. ಇಡೀ ದಿನ ಇಟ್ಟರೂ ಫೋನ್ ಕಾಲು ಭಾಗ ತುಂಬಲಿಲ್ಲ. ಇಷ್ಟೇ ಅಗಲದ ಸಿಲಿಕಾನ್ ಪ್ಯಾನೆಲ್ ಆರೇಳು ಪಟ್ಟು ಕೊಡುತ್ತದೆ, ಬೆಲೆಯೂ ಕಡಿಮೆ. ಪ್ರಯೋಗಾಲಯದ ಪುಟ್ಟ ಸೆಲ್‌ಗಳು ಬಿದ್ದ ಬೆಳಕಿನಲ್ಲಿ ಶೇ. 20ರ ಆಸುಪಾಸನ್ನು ಕರೆಂಟ್ ಮಾಡಿ ತೋರಿಸಿವೆ, ನಿಜ, ಆದರೆ ಅಂಗಡಿಗೆ ಬರುವ ಹಾಳೆ ಅದಲ್ಲ.

ಹಾಗಾದರೆ ಯಾಕೆ ಇಟ್ಟುಕೊಂಡಿದ್ದೇನೆ? ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯುತ್ತದೆ ಅನ್ನುವುದೇ ನನಗೆ ಇನ್ನೂ ಸೋಜಿಗ. ಟೋಕಿಯೋದಲ್ಲಿ ರಸಾಯನ ವಿಜ್ಞಾನಿ ಶಿರಾಕಾವಾ ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಒಂದು ಪಾಲಿಮರ್ ಮಾಡುವಾಗ ಯಾರೋ ಕೈತಪ್ಪಿ ವೇಗವರ್ಧಕವನ್ನು ಸಾವಿರ ಪಟ್ಟು ಜಾಸ್ತಿ ಹಾಕಿದರು, ಕಪ್ಪು ಪುಡಿ ಬರಬೇಕಾದಲ್ಲಿ ಬೆಳ್ಳಿಯಂತೆ ಹೊಳೆಯುವ ಪೊರೆ ಬಂತು. ಮ್ಯಾಕ್‌ಡಯರ್ಮಿಡ್, ಹೀಗರ್ ಎಂಬ ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ ಶಿರಾಕಾವಾ ಅದಕ್ಕೆ ಅಯೋಡಿನ್ ಆವಿ ಹಿಡಿಸಿದರು, ವಾಹಕತೆ ಎಷ್ಟೋ ಲಕ್ಷ ಪಟ್ಟು ಏರಿತು. ಅದನ್ನು ಪ್ರಕಟಿಸಿದ್ದು 1977ರಲ್ಲಿ. ಮೂವರಿಗೂ 2000ದಲ್ಲಿ ನೊಬೆಲ್. ಬೆಳಕು ಬಿದ್ದರೆ ಪಾಲಿಮರ್ ತನ್ನ ಎಲೆಕ್ಟ್ರಾನನ್ನು ಕಾಲ್ಚೆಂಡಿನಾಕಾರದ ಇಂಗಾಲದ ಅಣುವಾದ ಫುಲ್ಲರೀನ್‌ಗೆ ದಾಟಿಸಿಬಿಡುತ್ತದೆ ಅಂತ ಹೀಗರ್ ಮತ್ತು ಅವರ ಸಹೋದ್ಯೋಗಿ ಸರಿಚಿಫ್ಟ್ಚಿ ತೋರಿಸಿದ್ದು 1992ರಲ್ಲಿ, ನನ್ನ ಹಾಳೆಯೊಳಗೆ ನಡೆಯುವುದೂ ಅದೇ ಕೆಲಸ. ಹೀಗರ್ ಜೊತೆಗಾರರೊಂದಿಗೆ ಕಟ್ಟಿದ ಕೊನಾರ್ಕಾ ಕಂಪನಿ ಇಂಥ ಹಾಳೆ ಮಾಡಿಯೇ 2012ರಲ್ಲಿ ದಿವಾಳಿಯಾಯಿತು, ನನ್ನ 0.9 ವ್ಯಾಟ್ ನೋಡಿದ ಮೇಲೆ ಅದೇನು ಆಶ್ಚರ್ಯ ಅನ್ನಿಸಲಿಲ್ಲ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಕೆ.ಎಸ್. ನಾರಾಯಣ್ ಅವರ ಗುಂಪು ವರ್ಷಗಳಿಂದ ಈ ಜಾತಿಯ ಪಾಲಿಮರ್‌ಗಳ ಮೇಲೆ ಕೆಲಸ ಮಾಡುತ್ತಿದೆ, ಬಸ್ಸಿನಲ್ಲಿ ಆ ಗೇಟಿನ ಮುಂದೆ ಹೋಗುವಾಗೆಲ್ಲ ಈಗ ಸುಮ್ನೆ ಒಮ್ಮೆ ತಿರುಗಿ ನೋಡುತ್ತೇನೆ.

ನನ್ನ ದೂರು ಮಾರಿದವರ ಮೇಲೆ. ಅಂಚು ಕತ್ತರಿಸಬಾರದು ಅಂತ ಎಲ್ಲೂ ಹೇಳಿರಲಿಲ್ಲ. ಕಿಟಕಿಯ ಗ್ರಿಲ್‌ಗೆ ಕೂರಲಿ ಅಂತ ಕತ್ತರಿಯಲ್ಲಿ ಒಂದು ಬೆರಳಗಲ ಕತ್ತರಿಸಿದೆ. ಅಂಚಿನ ಸೀಲ್ ಹೋಯಿತು. ಈ ಪಾಲಿಮರ್‌ಗಳಿಗೆ ಗಾಳಿ, ತೇವ ಎರಡೂ ಆಗಿಬರುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಡೆಯಿಂದ ಬಣ್ಣ ಬಿಳಿಚಿಕೊಂಡು ಒಳಗೆ ಬಂದಿದೆ, ಹಳೇ ಸೀರೆ ಅಂಚು ಮಾಸಿದ ಹಾಗೆ. ಫೋನ್ ಮಾಡಿದರೆ 'ಅದು ನಿಮ್ಮ ತಪ್ಪಲ್ವಾ ಸಾರ್' ಅಂದರು. ತಪ್ಪು ನನ್ನದೇ, ಆದರೆ ಒಂದು ಸಾಲು ಬರೆಯಲು ಏನು ಕಷ್ಟ?

ಜೊತೆಗೆ ನಾಲ್ಕು ಪಟ್ಟಿಯ ಒಂದು ಸ್ಯಾಂಪಲ್ ತುಂಡು ಪುಕ್ಕಟೆ ಬಂದಿತ್ತು. ಅದೇ ಮನೆಯವರಿಗೆಲ್ಲ ಇಷ್ಟವಾಗಿದ್ದು. ಮನೆಯೊಳಗಿನ ಮಂದ ಬೆಳಕಲ್ಲಿ ಈ ಸೆಲ್‌ಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅಡುಗೆಮನೆಯ ಪುಟ್ಟ ಡಿಜಿಟಲ್ ಗಡಿಯಾರದ ಬ್ಯಾಟರಿ ತೆಗೆದು ಈ ತುಂಡು ಜೋಡಿಸಿದೆ, ಟ್ಯೂಬ್‌ಲೈಟ್ ಬೆಳಕಿಗೇ ಓಡುತ್ತಿದೆ. ರಾತ್ರಿ ಲೈಟ್ ಆರಿಸಿದರೆ ನಿಲ್ಲುತ್ತದೆ. ಬೆಳಗ್ಗೆ ಕಾಫಿಗೆ ಯಾರು ಮೊದಲು ಎದ್ದು ಲೈಟ್ ಹಾಕುತ್ತಾರೋ, ಅವರಿಗೆ 12:00 ತೋರಿಸುತ್ತದೆ.